ಮೈ ಅಂದರೆ ನನ್ನ, ಮೈನ್ ಅಂದರೆ ನನ್ನದು: ಸ್ಪರ್ಧಾ ಪರೀಕ್ಷೆಗೆ ಪೊಸೆಸಿವ್‌ಗಳ ಅಭ್ಯಾಸ

ಹಾವೇರಿ ಜಿಲ್ಲೆಯ ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಈಗ ಅದರ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಬರೆದಿದೆ. ಹದಿನೈದು ಇಪ್ಪತ್ತು ಮಂದಿ ಬರುತ್ತಾರೆ. ರಾಜ್ಯ ಸರ್ಕಾರದ ಎಸ್‌ಡಿಎ, ಎಫ್‌ಡಿಎ (ದ್ವಿತೀಯ, ಪ್ರಥಮ ದರ್ಜೆ ಸಹಾಯಕ) ಹುದ್ದೆಗೆ ಓದುವವರು, ಕೇಂದ್ರ ಸರ್ಕಾರದ ಕೆಲಸಕ್ಕೆ ಎಸ್‌ಎಸ್‌ಸಿ ಬರೆಯುವವರು, ಬ್ಯಾಂಕ್ ಕೆಲಸವೇ ಬೇಕು ಅಂತ ಹಟ ಹಿಡಿದವರು. ಹೆಚ್ಚಿನವರು ನನ್ನ ಹಾಗೆ ಕನ್ನಡ ಮಾಧ್ಯಮದಲ್ಲಿ ಓದಿದವರು.

ಪೊಸೆಸಿವ್, ಅಂದರೆ ವಸ್ತು ಯಾರದು ಅಂತ ಹೇಳುವ ಪದಗಳ ಪಾಠ ಶುರು ಮಾಡುವ ದಿನ ನಾನು ಬೋರ್ಡಿನ ಮೇಲೆ ಏನೂ ಬರೆಯುವುದಿಲ್ಲ. ಎಲ್ಲರ ನೀರಿನ ಬಾಟಲಿಗಳನ್ನು ಒಂದೇ ಮೇಜಿನ ಮೇಲೆ ಇಡಿಸುತ್ತೇನೆ. ಒಂದನ್ನು ಎತ್ತಿ ಹಿಡಿದು ಕೇಳುತ್ತೇನೆ.

“ಇದು ಯಾರದು?”

“ನಂದ್ರೀ ಅಕ್ಕಾ.”

“ಇದು ಯಾರ ಬಾಟಲಿ?”

“ನನ್ನ ಬಾಟಲಿ.”

ಮೊದಲನೇ ಪಾಠ ಅಲ್ಲಿಗೆ ಮುಗಿಯಿತು. ವಸ್ತುವಿನ ಹೆಸರು ಜೊತೆಗೆ ಬಂದರೆ ‘ನನ್ನ’. ಹೆಸರು ಬಿಟ್ಟುಹೋದರೆ ‘ನನ್ನದು’. ಇಂಗ್ಲಿಷಿನ ‘ಮೈ’ ಮತ್ತು ‘ಮೈನ್’ ನಡುವೆ ಇರುವ ವ್ಯತ್ಯಾಸ ಇದೇ. ಒಂದು ಪೊಸೆಸಿವ್ ಅಡ್ಜೆಕ್ಟಿವ್, ಇನ್ನೊಂದು ಪೊಸೆಸಿವ್ ಪ್ರೊನೌನ್. ಹೆಸರು ದೊಡ್ಡದು, ಆದರೆ ಮೂರು ವರ್ಷದ ಮಗು ಕೂಡ ಈ ವ್ಯಾಕರಣವನ್ನು ದಿನಕ್ಕೆ ಹತ್ತು ಸಲ ಸರಿಯಾಗಿ ಬಳಸುತ್ತದೆ. “ಆ ಚೆಂಡು ನಂದು!” ಅಂತ ಅಳುವ ಮಗುವಿಗೆ ಯಾರೂ ಪ್ರೊನೌನ್ ಕಲಿಸಿರುವುದಿಲ್ಲ.

ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದ್ದೆ. ಮೈ, ಮೈನ್, ಯುವರ್, ಯುವರ್ಸ್ ಅಂತ. ಪಟ್ಟಿ ಬಾಯಿಗೆ ಬರುತ್ತಿತ್ತು, ಉತ್ತರ ತಪ್ಪಾಗುತ್ತಿತ್ತು. ಎರಡು ಸಲ ಪರೀಕ್ಷೆಯಲ್ಲಿ ಬಿದ್ದ ಮೇಲೆ ಒಂದು ದಿನ ಕುಳಿತು ನನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ನೋಡಿದೆ. ಆಗ ಗೊತ್ತಾಯಿತು. ಕನ್ನಡ ನನಗೆ ಅರ್ಧ ದಾರಿ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಮಿಕ್ಕ ಅರ್ಧದಲ್ಲಿ ಕೆಲವು ತಿರುವುಗಳಲ್ಲಿ ದಾರಿ ತಪ್ಪಿಸುತ್ತದೆ. ಆ ತಿರುವುಗಳು ಯಾವುವು ಅಂತ ತಿಳಿದರೆ ಸಾಕು.

ಕೈ ಹಿಡಿಯುವ ಅರ್ಧ

ಜೋಡಿಗಳನ್ನು ಒಮ್ಮೆ ಜೋರಾಗಿ ಓದಿ.

ಮೈ, ನನ್ನ. ಮೈನ್, ನನ್ನದು.
ಅವರ್, ನಮ್ಮ. ಅವರ್ಸ್, ನಮ್ಮದು.
ಯುವರ್, ನಿನ್ನ ಅಥವಾ ನಿಮ್ಮ. ಯುವರ್ಸ್, ನಿನ್ನದು ಅಥವಾ ನಿಮ್ಮದು.
ಹಿಸ್, ಅವನ. ಹಿಸ್, ಅವನದು.
ಹರ್, ಅವಳ. ಹರ್ಸ್, ಅವಳದು.
ದೇರ್, ಅವರ ಅಥವಾ ಅವುಗಳ. ದೇರ್ಸ್, ಅವರದು.
ಇಟ್ಸ್, ಅದರ.
ಹೂಸ್, ಯಾರ. ಹೂಸ್, ಯಾರದು.

‘ಹಿಸ್’ ಮತ್ತು ‘ಹೂಸ್’ ಎರಡೂ ಕಡೆ ಒಂದೇ ರೂಪ. ‘ಇಟ್ಸ್’ ಹೆಸರಿನ ಜೊತೆಗೇ ಬರುತ್ತದೆ, ‘ಅದರದು’ ಅನ್ನುವ ಅರ್ಥದಲ್ಲಿ ಅದನ್ನು ಒಂಟಿಯಾಗಿ ಬಳಸುವುದು ತೀರಾ ಕಡಿಮೆ. ಇನ್ನೊಂದು ಮಾತು. ಇಂಗ್ಲಿಷಿನ ‘ಅವರ್’ ಅಂದರೆ ನಮ್ಮ, ಕನ್ನಡದ ‘ಅವರ’ ಅಂದರೆ ಇಂಗ್ಲಿಷಿನ ‘ದೇರ್’. ಹೊಸಬರು ಇಲ್ಲಿ ಎಡವುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಮೊದಲ ದಿನವೇ ಇದನ್ನು ಬೇರ್ಪಡಿಸಿಟ್ಟುಕೊಳ್ಳಿ.

ಈಗ ಖಾಲಿ ಜಾಗ ತುಂಬುವ ಪ್ರಶ್ನೆ ಬಂತು ಅನ್ನಿ. ‘ದಿಸ್ ಓಲ್ಡ್ ಬೈಸಿಕಲ್ ಈಸ್ ಡ್ಯಾಶ್.’ ಆಯ್ಕೆಗಳು ಮೈ, ಮೈನ್, ಮಿ, ಐ. ಖಾಲಿ ಜಾಗದ ಬಲಗಡೆ ನೋಡಿ. ಅಲ್ಲಿ ಹೆಸರು ಇಲ್ಲ, ಫುಲ್‌ಸ್ಟಾಪ್ ಇದೆ. ಕನ್ನಡದಲ್ಲಿ ಹೇಳಿ: ಈ ಹಳೆ ಸೈಕಲ್ಲು ನನ್ನದು. ‘ದು’ ಬಂತು, ಹಾಗಾದರೆ ಮೈನ್. ‘ಡ್ಯಾಶ್ ಓಲ್ಡ್ ಬೈಸಿಕಲ್ ಈಸ್ ಸ್ಟಿಲ್ ಗುಡ್’ ಅಂತಿದ್ದರೆ? ಬಲಗಡೆ ‘ಓಲ್ಡ್’ ಇದೆ, ಅದರಾಚೆ ‘ಬೈಸಿಕಲ್’ ಇದೆ. ನನ್ನ ಹಳೆ ಸೈಕಲ್ಲು. ‘ದು’ ಇಲ್ಲ, ಹಾಗಾದರೆ ಮೈ. ನಡುವೆ ಎಷ್ಟೇ ವಿಶೇಷಣ ಬಂದರೂ ಕೊನೆಗೆ ಹೆಸರು ಸಿಗುತ್ತದೆಯೇ ಅನ್ನುವುದಷ್ಟೇ ಮುಖ್ಯ. ಇದಕ್ಕೆ ನಮ್ಮ ಹುಡುಗರು ‘ದು ಹಚ್ಚಿ ನೋಡೋದು’ ಅಂತ ಹೆಸರಿಟ್ಟಿದ್ದಾರೆ.

ಮಾತಿನಲ್ಲಿ ಕೆಲವು ಕಡೆ ‘ನಂದು ಪೆನ್ನು ಎಲ್ಲಿ?’ ಅಂತಲೂ ಅನ್ನುತ್ತೇವೆ, ಅಲ್ವಾ? ಈ ಅಭ್ಯಾಸಕ್ಕೆ ಮಾತ್ರ ಬರೆಯುವ ಕನ್ನಡವನ್ನೇ ಇಟ್ಟುಕೊಳ್ಳಿ. ‘ನನ್ನ ಪೆನ್ನು’, ‘ಪೆನ್ನು ನನ್ನದು’. ಇಲ್ಲದಿದ್ದರೆ ಅಳತೆಗೋಲೇ ಅಲುಗಾಡುತ್ತದೆ.

ಮೈನ್ ನಂತರ ಈಸ್ ಬರಬೇಕೋ ಆರ್ ಬರಬೇಕೋ ಅನ್ನುವುದಕ್ಕೂ ಕನ್ನಡವೇ ಉತ್ತರ ಹೇಳುತ್ತದೆ. ‘ಅವಳ ಚಪ್ಪಲಿಗಳು ಕೆಂಪು, ನನ್ನವು ಕಪ್ಪು.’ ನಾವು ‘ನನ್ನವು’ ಅಂದೆವು. ಅಂದರೆ ಬಹುವಚನ. ‘ಹರ್ ಶೂಸ್ ಆರ್ ರೆಡ್, ಮೈನ್ ಆರ್ ಬ್ಲ್ಯಾಕ್.’ ಇಂಗ್ಲಿಷಿನಲ್ಲಿ ‘ಮೈನ್’ ರೂಪ ಬದಲಾಗುವುದಿಲ್ಲ, ಮುಂದಿನ ಕ್ರಿಯಾಪದ ಬದಲಾಗುತ್ತದೆ. ನನ್ನದು ಅಂದರೆ ಈಸ್, ನನ್ನವು ಅಂದರೆ ಆರ್.

ಒಡೆಯ ಗಂಡೋ ಹೆಣ್ಣೋ ಅನ್ನುವುದರಲ್ಲೂ ನಮಗೆ ಅನುಕೂಲ ಇದೆ. ಹಿಂದಿಯಲ್ಲಿ ಉಸ್‌ಕಾ, ಉಸ್‌ಕೀ ಅನ್ನುವುದು ವಸ್ತುವಿನ ಲಿಂಗ ನೋಡಿ ಬದಲಾಗುತ್ತದೆ. ಕನ್ನಡದಲ್ಲಿ ಒಡೆಯರನ್ನು ನೋಡಿ ‘ಅವನ ತಂಗಿ’, ‘ಅವಳ ತಮ್ಮ’ ಅನ್ನುತ್ತೇವೆ. ಇಂಗ್ಲಿಷೂ ಹಾಗೇ. ಹಿಸ್ ಸಿಸ್ಟರ್, ಹರ್ ಬ್ರದರ್.

‘ಹರ್’ ಬಗ್ಗೆ ಸ್ವಲ್ಪ ಎಚ್ಚರ. ಅದು ‘ಅವಳ’ ಕೂಡ ಹೌದು, ‘ಅವಳಿಗೆ’, ‘ಅವಳನ್ನು’ ಕೂಡ ಹೌದು. ‘ಐ ಗೇವ್ ಹರ್ ಹರ್ ಬುಕ್’ ಅನ್ನುವ ವಾಕ್ಯದಲ್ಲಿ ಎರಡು ‘ಹರ್’ ನೋಡಿ ಮುದ್ರಣದ ತಪ್ಪು ಅಂತ ಗುರುತು ಹಾಕಿದವರಿದ್ದಾರೆ. ಅದು ಸರಿಯಾದ ವಾಕ್ಯ. ಅವಳಿಗೆ ಅವಳ ಪುಸ್ತಕ ಕೊಟ್ಟೆ.

ಮೇಲಿನ ಚಿಕ್ಕ ಗೀಟು

ನಾನು ಈಗ ಪ್ರಥಮ ದರ್ಜೆ ಸಹಾಯಕಿ. ಟಪಾಲು ನೋಡುವಾಗ ಇಂಗ್ಲಿಷ್ ಅರ್ಜಿ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಕೊನೆಯ ಸಾಲಿಗೆ. ‘ಯುವರ್ಸ್ ಫೇತ್‌ಫುಲಿ’ ಅನ್ನುವುದರಲ್ಲಿ ಎಸ್ ಅಕ್ಷರಕ್ಕೆ ಮೊದಲು ಅಪಾಸ್ಟ್ರಫಿ, ಅಂದರೆ ಮೇಲೆ ಒಂದು ಚಿಕ್ಕ ಗೀಟು ಹಾಕಿರುತ್ತಾರೆ. ನಾನೂ ಹೈಸ್ಕೂಲಿನಲ್ಲಿ ಮೂರು ವರ್ಷ ರಜಾ ಚೀಟಿಯಲ್ಲಿ ಹಾಗೇ ಬರೆದೆ. ಬೋರ್ಡಿನ ಮೇಲೆ ಹಾಗೇ ಇತ್ತು, ಹಾಗೇ ನಕಲು ಮಾಡಿದೆವು. ಆ ಗೀಟು ಕೈಯಿಂದ ಬಿಟ್ಟುಹೋಗಲು ಆಮೇಲೆ ತುಂಬಾ ದಿನ ಬೇಕಾಯಿತು.

ಯುವರ್ಸ್, ಹರ್ಸ್, ಅವರ್ಸ್, ದೇರ್ಸ್, ಇಟ್ಸ್. ಇವು ಐದಕ್ಕೂ ಅಪಾಸ್ಟ್ರಫಿ ಇಲ್ಲ. ಕಾರಣ ಸರಳ. ‘ರವಿ’ ಅನ್ನುವ ಹೆಸರಿಗೆ ತಾನಾಗಿ ಒಡೆತನದ ರೂಪ ಇಲ್ಲ, ಆದ್ದರಿಂದ ಗೀಟು ಮತ್ತು ಎಸ್ ಸೇರಿಸಿ ‘ರವಿ’ಸ್’ ಮಾಡುತ್ತೇವೆ. ‘ಹರ್ಸ್’ ಅನ್ನುವುದು ಆಗಲೇ ಒಡೆತನದ ರೂಪ. ಮತ್ತೆ ಗೀಟು ಯಾಕೆ? ಅನುಮಾನ ಬಂದಾಗ ‘ಹಿಸ್’ ನೆನಪಿಸಿಕೊಳ್ಳಿ. ಅದರ ಎಸ್ ಅಕ್ಷರಕ್ಕೆ ಮೊದಲು ಯಾರೂ ಗೀಟು ಹಾಕುವುದಿಲ್ಲ. ಅದರ ಅಣ್ಣ ತಮ್ಮಂದಿರಿಗೂ ಬೇಡ. ಆದರೆ ‘ಒನ್’ಸ್’, ‘ಎವ್ರಿಬಡಿ’ಸ್’, ‘ಸಮ್‌ವನ್ ಎಲ್ಸ್’ಸ್’ ಇವಕ್ಕೆ ಗೀಟು ಬೇಕೇ ಬೇಕು.

ಗೀಟಿಲ್ಲದ ‘ಇಟ್ಸ್’ ಮತ್ತು ಗೀಟಿರುವ ‘ಇಟ್’ಸ್’ ಕಿವಿಗೆ ಒಂದೇ. ಹಾಗಾಗಿ ಬಾಯಲ್ಲಿ ಹೇಳಿ ನೋಡಿದರೆ ಪ್ರಯೋಜನ ಇಲ್ಲ. ಬಿಡಿಸಿ ನೋಡಬೇಕು. ಗೀಟಿದ್ದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಬಿಡಿಸಿ ಓದಿ. ‘ದಿ ಡಾಗ್ ವ್ಯಾಗ್ಡ್ ಇಟ್ ಈಸ್ ಟೇಲ್’ ಅಂದರೆ ‘ನಾಯಿ ಅದು ಬಾಲ ಆಗಿದೆ ಅಲ್ಲಾಡಿಸಿತು’ ಅಂದ ಹಾಗೆ ಆಗುತ್ತದೆ. ಅಲ್ಲಿಗೆ ಗೀಟು ತಪ್ಪು ಅಂತ ಗೊತ್ತಾಯಿತು. ‘ಹೂಸ್’ ಮತ್ತು ‘ಹೂ’ಸ್’ಗೂ ಇದೇ ಉಪಾಯ.

ದಾರಿ ತಪ್ಪಿಸುವ ತಿರುವುಗಳು

ಇಲ್ಲಿ ನಿಧಾನವಾಗಿ ಓದಿ. ನಮ್ಮ ಅಂಕ ಹೋಗುವುದು ಇಲ್ಲೇ.

ಒಂದು ಭಾನುವಾರ ಎಸ್‌ಎಸ್‌ಸಿಗೆ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ವಾಕ್ಯ ತಂದಳು. ‘ಯುವರ್ ಹ್ಯಾಂಡ್‌ರೈಟಿಂಗ್ ಈಸ್ ಬೆಟರ್ ದ್ಯಾನ್ ಮಿ.’ ತಪ್ಪು ಹುಡುಕಬೇಕಿತ್ತು. ಅವಳು ‘ನೋ ಎರರ್’ ಅಂತ ಗುರುತು ಹಾಕಿದ್ದಳು. ಕನ್ನಡದಲ್ಲಿ ಹೇಳು ಅಂದೆ. “ನಿನ್ನ ಅಕ್ಷರ ನನಗಿಂತ ಚೆಂದ ಐತಿ” ಅಂದಳು. ನಾವೆಲ್ಲ ಹೀಗೇ ಅನ್ನುತ್ತೇವೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಬರೆದದ್ದನ್ನು ಸರಿಯಾಗಿ ನೋಡಿದರೆ ಅಕ್ಷರವನ್ನು ಮನುಷ್ಯಳ ಜೊತೆ ಹೋಲಿಸಿದ ಹಾಗಾಯಿತು. ಅಕ್ಷರವನ್ನು ಅಕ್ಷರದ ಜೊತೆಗೇ ಹೋಲಿಸಬೇಕು. ನಿನ್ನ ಅಕ್ಷರ ನನ್ನದಕ್ಕಿಂತ ಚೆಂದ. ‘ಬೆಟರ್ ದ್ಯಾನ್ ಮೈನ್.’ ‘ದ್ಯಾನ್’ ಕಂಡ ಕೂಡಲೇ ನಿಲ್ಲಿ. ಎಡಗಡೆ ಏನನ್ನು ಹೋಲಿಸುತ್ತಿದ್ದಾರೆ, ಬಲಗಡೆ ಯಾವುದರ ಜೊತೆ ಅಂತ ನೋಡಿ. ‘ನನಗಿಂತ’ ಅನ್ನುವುದನ್ನು ‘ನನ್ನದಕ್ಕಿಂತ’ ಅಂತ ತಿದ್ದಿ ಓದಿ. ಅರ್ಥ ಕೂಡಿಬಂದರೆ ಅಲ್ಲಿ ಮೈನ್, ಯುವರ್ಸ್, ಹರ್ಸ್ ಬರಬೇಕು. ‘ನೀನು ನನಗಿಂತ ಎತ್ತರ’ ಅನ್ನುವಲ್ಲಿ ಅದು ಕೂಡಿಬರುವುದಿಲ್ಲ. ಅಲ್ಲಿ ಮನುಷ್ಯರನ್ನೇ ಹೋಲಿಸುತ್ತಿದ್ದೇವೆ.

ಎರಡನೇ ತಿರುವು ಗೌರವದ್ದು. ‘ನಮ್ಮ ಮೇಷ್ಟ್ರು ತಮ್ಮ ಕನ್ನಡಕ ಮರೆತು ಬಂದಿದ್ದಾರೆ.’ ಮೇಷ್ಟ್ರು ಒಬ್ಬರೇ. ಗೌರವಕ್ಕೆ ಬಹುವಚನ ಬಳಸಿದೆವು. ಇಂಗ್ಲಿಷಿಗೆ ತಿರುಗಿಸುವಾಗ ಕೈ ತಾನಾಗಿ ‘ದೇರ್ ಸ್ಪೆಕ್ಟಕಲ್ಸ್’ ಅಂತ ಬರೆಯುತ್ತದೆ. ಅಲ್ಲಿ ‘ಹಿಸ್’ ಬೇಕು, ಟೀಚರ್ ಹೆಂಗಸಾದರೆ ‘ಹರ್’. ಅಪ್ಪ, ಅಮ್ಮ, ಡಾಕ್ಟರು, ತಹಶೀಲ್ದಾರರು ಯಾರೇ ಇರಲಿ, ತಲೆ ಎಣಿಸಿ. ಒಂದು ತಲೆ ಇದ್ದರೆ ಹಿಸ್ ಅಥವಾ ಹರ್. ಇಂಗ್ಲಿಷಿನಲ್ಲಿ ‘ಹಿಸ್’ ಅಂದರೆ ಅಗೌರವ ಅಲ್ಲ. ಇದನ್ನು ಬುದ್ಧಿ ಒಪ್ಪಿದರೂ ಮನಸ್ಸು ಒಪ್ಪಲು ಸ್ವಲ್ಪ ದಿನ ಬೇಕು. ನನಗೆ ನಮ್ಮ ಅಪ್ಪನ ಬಗ್ಗೆ ‘ಹಿಸ್’ ಅಂತ ಬರೆಯುವಾಗ ಮೊದಮೊದಲು ಏನೋ ಕಸಿವಿಸಿ ಆಗುತ್ತಿತ್ತು.

ನೋಡಿ, ಈಗಲೂ ‘ನಮ್ಮ ಅಪ್ಪ’ ಅಂತಲೇ ಬರೆದೆ. ಅದೇ ಮೂರನೇ ತಿರುವು. ನಮ್ಮಮ್ಮ, ನಮ್ಮ ಮನೆ, ನಮ್ಮ ಯಜಮಾನರು. ಮನೆ ಮಂದಿಯ ವಿಷಯದಲ್ಲಿ ಕನ್ನಡದವರ ಬಾಯಿಗೆ ‘ನನ್ನ’ಗಿಂತ ‘ನಮ್ಮ’ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ ಹೇಳುವವರು ಒಬ್ಬರೇ ಇದ್ದರೆ ‘ಮೈ ಮದರ್’, ‘ಮೈ ಹಸ್ಬೆಂಡ್’. ಪಕ್ಕದಲ್ಲಿ ತಂಗಿ ನಿಂತಿದ್ದು, ಇಬ್ಬರ ಪರವಾಗಿ ಮಾತಾಡುತ್ತಿದ್ದರೆ ‘ಅವರ್ ಮದರ್’ ಸರಿ. ‘ಅವರ್ ಹಸ್ಬೆಂಡ್’ ಅಂದರೆ ಅರ್ಥವೇ ಬೇರೆ ಆಗುತ್ತದೆ. ಸಂದರ್ಶನಕ್ಕೆ ಹೋಗುವವರು ಮನೆಯವರ ಬಗ್ಗೆ ಮಾತಾಡುವುದನ್ನು ಮೊದಲೇ ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡು ಹೋಗಿ.

ನಾಲ್ಕನೆಯದು ‘ತನ್ನ’, ‘ತಮ್ಮ’. ಕನ್ನಡದ ಈ ಮಾತು ತುಂಬಾ ಚೆಂದದ್ದು. ಗಂಡು, ಹೆಣ್ಣು, ನಾಯಿ, ಸರ್ಕಾರ ಎಲ್ಲದಕ್ಕೂ ‘ತನ್ನ’ ಹೊಂದುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಪದ ಇಲ್ಲ. ಒಡೆಯ ಯಾರು ಅಂತ ನೋಡಿ ಪ್ರತಿ ಸಲ ಆರಿಸಬೇಕು. ರವಿ ತನ್ನ, ಹಿಸ್. ಸುಮಾ ತನ್ನ, ಹರ್. ಸರ್ಕಾರ ತನ್ನ, ಇಟ್ಸ್. ‘ಒನ್’ ಅಂತ ಶುರುವಾದ ವಾಕ್ಯದಲ್ಲಿ ತನ್ನ ಅಂದರೆ ‘ಒನ್’ಸ್’. ‘ಒನ್ ಶುಡ್ ಡು ಒನ್’ಸ್ ಡ್ಯೂಟಿ.’ ಪರೀಕ್ಷೆಯಲ್ಲಿ ಇಲ್ಲಿ ‘ಹಿಸ್ ಡ್ಯೂಟಿ’ ಅಂತ ಕೊಟ್ಟು ತಪ್ಪು ಹುಡುಕಲು ಹೇಳುತ್ತಾರೆ.

‘ಈಚ್’, ‘ಎವ್ರಿ’, ‘ಎವ್ರಿವನ್’ ಬಂದಾಗ ನಮಗೆ ‘ಪ್ರತಿಯೊಬ್ಬರೂ ತಮ್ಮ ತಮ್ಮ’ ಅನ್ನುವುದು ಕಿವಿಯಲ್ಲಿ ಮೊಳಗುತ್ತದೆ, ‘ದೇರ್’ ಹಾಕಿಬಿಡುತ್ತೇವೆ. ‘ಈಚ್ ಆಫ್ ದಿ ಗರ್ಲ್ಸ್ ಹ್ಯಾಸ್ ಬ್ರಾಟ್ ಹರ್ ಲಂಚ್.’ ಹುಡುಗಿಯರು ಹತ್ತು ಮಂದಿ ಇದ್ದರೂ ‘ಈಚ್’ ಒಬ್ಬೊಬ್ಬಳನ್ನೇ ಎಣಿಸುತ್ತದೆ. ಆದ್ದರಿಂದ ಹ್ಯಾಸ್, ಆದ್ದರಿಂದ ಹರ್. ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಬೇಕು. ಇವತ್ತಿನ ಇಂಗ್ಲಿಷಿನಲ್ಲಿ ‘ಎವ್ರಿವನ್’ ಜೊತೆ ‘ದೇರ್’ ಬರೆಯುವುದು ಸಾಮಾನ್ಯ, ತಪ್ಪೂ ಅಲ್ಲ. ಆದರೆ ನಮ್ಮ ಪರೀಕ್ಷೆಗಳ ವ್ಯಾಕರಣ ಪ್ರಶ್ನೆಗಳು ಹಳೆ ನಿಯಮ ಹಿಡಿದೇ ಬರುವುದು ಜಾಸ್ತಿ. ನನ್ನ ಸಲಹೆ ಇಷ್ಟು: ವಾಕ್ಯದ ಬೇರೆ ಭಾಗದಲ್ಲಿ ಸ್ಪಷ್ಟ ತಪ್ಪು ಇದ್ದರೆ ಅದನ್ನೇ ಗುರುತು ಮಾಡಿ, ‘ದೇರ್’ ತಂಟೆಗೆ ಹೋಗಬೇಡಿ. ಬೇರೆಲ್ಲೂ ತಪ್ಪಿಲ್ಲ, ಆಯ್ಕೆಗಳಲ್ಲಿ ‘ಹಿಸ್’ ಇದೆ ಅಂದರೆ ಅದಕ್ಕೆ ಹೋಗಿ.

ಐದನೆಯದನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಕನ್ನಡದಲ್ಲಿ ‘ಕೈ ತೊಳೆದುಕೊಂಡೆ’ ಅನ್ನುತ್ತೇವೆ. ಯಾರ ಕೈ ಅಂತ ಬೇರೆ ಹೇಳುವುದಿಲ್ಲ. ‘ಕೊಂಡೆ’ ಅನ್ನುವುದರಲ್ಲೇ ನನ್ನದು ಅನ್ನುವುದು ಸೇರಿಹೋಗಿದೆ. ಇಂಗ್ಲಿಷಿಗೆ ‘ಕೊಂಡೆ’ ಇಲ್ಲ. ಅದಕ್ಕೆ ‘ಮೈ’ ಬೇಕು. ‘ಐ ವಾಶ್ಡ್ ಮೈ ಹ್ಯಾಂಡ್ಸ್.’ ತಲೆ ಬಾಚಿಕೊಂಡಳು, ‘ಶಿ ಕೋಂಬ್ಡ್ ಹರ್ ಹೇರ್’. ಕಾಲು ಮುರಿದುಕೊಂಡ, ‘ಹಿ ಬ್ರೋಕ್ ಹಿಸ್ ಲೆಗ್’. ನಿಮ್ಮ ಕನ್ನಡ ವಾಕ್ಯದಲ್ಲಿ ‘ಕೊಂಡ’, ‘ಕೊಂಡಳು’, ‘ಕೊಂಡರು’ ಕಂಡರೆ, ಇಂಗ್ಲಿಷಿನಲ್ಲಿ ಒಂದು ಪೊಸೆಸಿವ್ ಬೇಕಾಗಬಹುದು ಅಂತ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಇದು ನನಗೆ ಹೊಳೆದ ದಿನ ಎಷ್ಟು ಖುಷಿ ಆಯಿತು ಅಂದರೆ ರೂಮಿನ ಗೆಳತಿಯನ್ನು ಎಬ್ಬಿಸಿ ಹೇಳಿದ್ದೆ.

ಆರನೆಯದು, ‘ಈ ನನ್ನ ಗೆಳೆಯ’. ಕನ್ನಡದಲ್ಲಿ ಸರಿಯಾದ ಮಾತು. ಇಂಗ್ಲಿಷಿನಲ್ಲಿ ‘ದಿಸ್ ಮೈ ಫ್ರೆಂಡ್’ ತಪ್ಪು. ದಿಸ್, ದ್ಯಾಟ್, ಎ, ಸಮ್ ಇವುಗಳ ಪಕ್ಕದಲ್ಲಿ ಮೈ ಕೂರುವುದಿಲ್ಲ. ಹಿಂದಕ್ಕೆ ಹೋಗಿ ‘ಆಫ್ ಮೈನ್’ ಆಗುತ್ತದೆ. ‘ದಿಸ್ ಫ್ರೆಂಡ್ ಆಫ್ ಮೈನ್’, ‘ಎ ನೆಬರ್ ಆಫ್ ಅವರ್ಸ್’. ಇಲ್ಲಿ ‘ಆಫ್ ಮಿ’ ಅಂತಲೋ ‘ಆಫ್ ಮೈ’ ಅಂತಲೋ ಆಯ್ಕೆ ಕೊಟ್ಟಿರುತ್ತಾರೆ, ಎರಡನ್ನೂ ಬಿಡಿ. ‘ಓನ್’ ಸೇರಿದರೆ ಮಾತ್ರ ಮತ್ತೆ ‘ಮೈ’ ಬರುತ್ತದೆ. ‘ಎ ಹೌಸ್ ಆಫ್ ಮೈ ಓನ್.’

ಕೊನೆಯದು, ‘ನೀನು ತಡವಾಗಿ ಬರುವುದು ನನಗೆ ಇಷ್ಟ ಇಲ್ಲ.’ ಇದನ್ನು ‘ಯು ಕಮಿಂಗ್ ಲೇಟ್’ ಅನ್ನುವವರು ಜಾಸ್ತಿ. ಪರೀಕ್ಷೆ ಕೇಳುವುದು ‘ಯುವರ್ ಕಮಿಂಗ್ ಲೇಟ್’. ಒಂದು ಉಪಾಯ ಇದೆ. ‘ಬರುವುದು’ ಅನ್ನುವುದನ್ನು ‘ಬರುವಿಕೆ’ ಮಾಡಿ. ‘ನೀನು ಬರುವಿಕೆ’ ಅನ್ನಲು ಆಗುವುದಿಲ್ಲ, ‘ನಿನ್ನ ಬರುವಿಕೆ’ ಅನ್ನಲೇಬೇಕು. ಆಗ ‘ಯುವರ್’ ತಾನಾಗಿ ಬರುತ್ತದೆ. ‘ಪ್ಲೀಸ್ ಎಕ್ಸ್‌ಕ್ಯೂಸ್ ಮೈ ಬೀಯಿಂಗ್ ಲೇಟ್’ ಅನ್ನುವುದೂ ಇದೇ ಜಾತಿ.

ಒಡೆಯ ಯಾರು ಅಂತ ಹುಡುಕುವುದು

‘ಅಥವಾ’ ಅನ್ನುವ ಅರ್ಥದ ‘ಆರ್’, ಮತ್ತೆ ‘ನಾರ್’ ಇರುವ ವಾಕ್ಯಗಳಲ್ಲಿ ಹತ್ತಿರ ಇರುವ ಹೆಸರನ್ನು ಹಿಡಿಯಿರಿ. ‘ನೈದರ್ ರವಿ ನಾರ್ ಸುರೇಶ್ ಹ್ಯಾಸ್ ಡನ್ ಹಿಸ್ ವರ್ಕ್.’ ‘ನೈದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ಹ್ಯಾವ್ ಬ್ರಾಟ್ ದೇರ್ ಬುಕ್ಸ್.’ ‘ಆ್ಯಸ್ ವೆಲ್ ಆ್ಯಸ್’, ‘ಅಲಾಂಗ್ ವಿತ್’ ಇದ್ದರೆ ಮೊದಲನೇ ಹೆಸರು ಯಜಮಾನ. ‘ದಿ ಕ್ಯಾಪ್ಟನ್, ಅಲಾಂಗ್ ವಿತ್ ದಿ ಪ್ಲೇಯರ್ಸ್, ಹ್ಯಾಸ್ ಟೇಕನ್ ಹಿಸ್ ಸೀಟ್.’ ಕಮಿಟಿ, ಜ್ಯೂರಿ ಥರದ ಪದಗಳು ಒಂದಾಗಿ ಕೆಲಸ ಮಾಡಿದರೆ ‘ಇಟ್ಸ್ ರಿಪೋರ್ಟ್’, ಒಳಗೇ ಒಡೆದುಕೊಂಡರೆ ‘ದೇರ್ ಒಪೀನಿಯನ್ಸ್’.

ಇನ್ನೊಂದನ್ನು ಬಾಯಿಪಾಠ ಮಾಡಿಬಿಡಿ. ಸೆಪರೇಷನ್, ಮೆನ್ಷನ್, ಸೈಟ್ (ನೋಟ) ಅನ್ನುವ ಪದಗಳಿಗೆ ಮೊದಲು ಪೊಸೆಸಿವ್ ಹಾಕದೆ ಅವುಗಳ ನಂತರ ಬಿಡಿಸಿ ಬರೆಯಬೇಕು ಅನ್ನುವುದು ನಮ್ಮ ಪರೀಕ್ಷೆಗಳ ಮೆಚ್ಚಿನ ನಿಯಮ. ‘ಯುವರ್ ಸೆಪರೇಷನ್’ ಅಲ್ಲ, ‘ಸೆಪರೇಷನ್ ಫ್ರಮ್ ಯು’. ‘ಹಿಸ್ ಸೈಟ್’ ಅಲ್ಲ, ‘ದಿ ಸೈಟ್ ಆಫ್ ಹಿಮ್’.

ದಿನದ ಅಭ್ಯಾಸ ಹೇಗೆ

ದಿನಕ್ಕೆ ಅರ್ಧ ಗಂಟೆ, ಹದಿನೈದು ದಿನ. ಮೊದಲ ಮೂರು ದಿನ ಪೆನ್ನು ಮುಟ್ಟಬೇಡಿ. ಮನೆಯಲ್ಲಿ ಕಣ್ಣಿಗೆ ಬಿದ್ದ ವಸ್ತುವಿಗೆಲ್ಲ ಎರಡೆರಡು ವಾಕ್ಯ ಹೇಳಿ. ‘ದಿಸ್ ಈಸ್ ಹರ್ ಪ್ಲೇಟ್. ದಿಸ್ ಪ್ಲೇಟ್ ಈಸ್ ಹರ್ಸ್.’ ಬಟ್ಟೆ ಮಡಚುವಾಗ ಮಾಡಿದರೆ ಇನ್ನೂ ಒಳ್ಳೆಯದು. ಪ್ರತಿ ಬಟ್ಟೆಗೂ ಒಬ್ಬ ಒಡೆಯ ಇರುತ್ತಾನೆ, ಜೋಡಿ ಇದ್ದರೆ ಬಹುವಚನವೂ ಸಿಗುತ್ತದೆ. ‘ದೀಸ್ ಸಾಕ್ಸ್ ಆರ್ ಹಿಸ್. ದೋಸ್ ಆರ್ ಮೈನ್.’

ಆಮೇಲೆ ಒಂದು ವಾರ ದಿನಾ ಹತ್ತು ಕನ್ನಡ ವಾಕ್ಯ ಬರೆದು ಇಂಗ್ಲಿಷಿಗೆ ತಿರುಗಿಸಿ. ವಾಕ್ಯಗಳು ಸಲೀಸಾದವು ಬೇಡ. ಮೇಲೆ ಹೇಳಿದ ತಿರುವುಗಳಿಂದಲೇ ಆರಿಸಿ. ಅದರ ಜೊತೆ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿ ತೆಗೆದುಕೊಳ್ಳಿ. ಇಟ್ಸ್, ದೇರ್, ಹಿಸ್, ಹರ್ ಎಲ್ಲಿದೆಯೋ ಸುತ್ತು ಹಾಕಿ. ಅಲ್ಲಿಂದ ಅದರ ಒಡೆಯನವರೆಗೆ ಬಾಣ ಎಳೆಯಿರಿ. ಬಾಣ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಆ ವಾಕ್ಯ ನಿಮಗೆ ಪೂರ್ತಿ ಅರ್ಥವಾಗಿಲ್ಲ ಅಂತ ತಿಳಿಯಿರಿ. ಕ್ಲೋಸ್ ಟೆಸ್ಟ್‌ಗೂ (ಗದ್ಯದ ನಡುವೆ ಬಿಟ್ಟ ಜಾಗ ತುಂಬುವ ಪ್ರಶ್ನೆ) ಪ್ಯಾಸೇಜಿಗೂ ಇದು ತುಂಬಾ ಉಪಯೋಗ.

ಕೊನೆಯ ಐದು ದಿನ ಹಳೆ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು. ಪಿಯುಸಿ ಮಟ್ಟದ ಎಸ್‌ಎಸ್‌ಸಿ ಪರೀಕ್ಷೆಯಾದ ಸಿಎಚ್‌ಎಸ್‌ಎಲ್‌ನ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 36 ಸೆಕೆಂಡು. ಅದರಲ್ಲಿ ಇಂಗ್ಲಿಷ್ 25 ಪ್ರಶ್ನೆ, ತಲಾ 2 ಅಂಕ, ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ಪೊಸೆಸಿವ್ ಪ್ರಶ್ನೆಗೆ 15 ಸೆಕೆಂಡಿಗಿಂತ ಜಾಸ್ತಿ ಕೊಡಬೇಡಿ. ಉಳಿದ ಸಮಯ ಕಷ್ಟದ ಪ್ರಶ್ನೆಗಳಿಗೆ ಬೇಕಾಗುತ್ತದೆ. ಎಫ್‌ಡಿಎ, ಎಸ್‌ಡಿಎಯಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್ ಅಂತ ಆಯ್ಕೆ ಇರುತ್ತದೆ. ನೀವು ಕನ್ನಡ ಆರಿಸಿದರೂ ಈ ಅಭ್ಯಾಸ ವ್ಯರ್ಥ ಆಗುವುದಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಪತ್ರಗಳು ಕೈಗೆ ಬಂದೇ ಬರುತ್ತವೆ.

ಎಲ್ಲಕ್ಕಿಂತ ಮುಖ್ಯ, ತಪ್ಪಿನ ನೋಟ್‌ಬುಕ್. ಎಲ್ಲರೂ ಇಡುತ್ತಾರೆ, ಆದರೆ ಪ್ರಶ್ನೆ ಮತ್ತು ಸರಿ ಉತ್ತರ ಮಾತ್ರ ಬರೆಯುತ್ತಾರೆ. ಮೂರನೇ ಕಾಲಮ್ ಒಂದು ಹಾಕಿ: ‘ಕನ್ನಡದಲ್ಲಿ ನಾನು ಏನಂದುಕೊಂಡೆ.’ ಆ ಅಕ್ಷರದ ಹುಡುಗಿ ಎರಡು ವಾರ ಹೀಗೆ ಬರೆದು ನೋಟ್‌ಬುಕ್ ತಂದು ತೋರಿಸಿದಳು. ಒಂಬತ್ತು ತಪ್ಪು ಇದ್ದವು. ಮೂರನೇ ಕಾಲಮ್ಮಿನಲ್ಲಿ ಏಳು ಕಡೆ ‘ಅವರು’, ‘ತಮ್ಮ’ ಅಂತಲೇ ಇತ್ತು. ಒಂಬತ್ತು ತಪ್ಪು ಅಂದುಕೊಂಡಿದ್ದು ಮೂರೇ ತಪ್ಪು. ಗೌರವದ ಬಹುವಚನ ಒಂದನ್ನು ಸರಿಮಾಡಿಕೊಂಡರೆ ಏಳೂ ಹೋದವು. ಅವಳ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ.

ಇಂದೇ ಮಾಡಲು ಎಂಟು

ಪೇಪರಿನಲ್ಲಿ ಉತ್ತರ ಬರೆದು ಆಮೇಲೆ ಕೆಳಗೆ ನೋಡಿ. ಕೆಲವು ವಾಕ್ಯ ಸರಿಯಾಗಿಯೇ ಇವೆ.

1. ದಿಸ್ ಪೆನ್ ಈಸ್ ಮೈನ್, ದ್ಯಾಟ್ ಒನ್ ಈಸ್ ಹರ್.
2. ಹಿಸ್ ಫೀಲ್ಡ್ ಈಸ್ ಲಾರ್ಜರ್ ದ್ಯಾನ್ ಅವರ್ಸ್.
3. ಎ ಕಸಿನ್ ಆಫ್ ಮಿ ವರ್ಕ್ಸ್ ಇನ್ ಹುಬ್ಬಳ್ಳಿ.
4. ದಿ ಬ್ಯಾಂಕ್ ಹ್ಯಾಸ್ ಚೇಂಜ್ಡ್ ದೇರ್ ಟೈಮಿಂಗ್ಸ್.
5. ಯುವರ್ಸ್ ಅಂಡ್ ಮೈ ಸಿಸ್ಟರ್ ಸ್ಟಡಿ ಟುಗೆದರ್.
6. ಹರ್ ಮಾರ್ಕ್ಸ್ ಆರ್ ಗುಡ್ ಬಟ್ ಮೈನ್ ಈಸ್ ಬೆಟರ್.
7. ಐ ಅಪ್ರಿಷಿಯೇಟ್ ಯುವರ್ ಹೆಲ್ಪಿಂಗ್ ಮಿ.
8. ದಿ ಡಾಕ್ಟರ್ ರಿಮೂವ್ಡ್ ಹಿಸ್ ಗ್ಲವ್ಸ್ ಅಂಡ್ ವಾಶ್ಡ್ ಹ್ಯಾಂಡ್ಸ್.

ಒಂದನೆಯದರಲ್ಲಿ ಕೊನೆಗೆ ‘ಹರ್ಸ್’ ಬೇಕು, ಅವಳದು. ಎರಡನೆಯದು ಸರಿ, ಹೊಲವನ್ನು ಹೊಲದ ಜೊತೆಗೇ ಹೋಲಿಸಿದೆ. ಮೂರರಲ್ಲಿ ‘ಆಫ್ ಮೈನ್’. ನಾಲ್ಕರಲ್ಲಿ ಬ್ಯಾಂಕ್ ಒಂದು, ‘ಹ್ಯಾಸ್’ ಅಂತಲೂ ಬಂದಿದೆ, ಹಾಗಾಗಿ ‘ಇಟ್ಸ್’. ಐದರಲ್ಲಿ ‘ಯುವರ್ ಸಿಸ್ಟರ್ ಅಂಡ್ ಮೈನ್’ ಅಂದರೆ ಅರ್ಥ ಸ್ಪಷ್ಟವಾಗುತ್ತದೆ, ನಿನ್ನ ತಂಗಿ ಮತ್ತು ನನ್ನ ತಂಗಿ. ಆರರಲ್ಲಿ ಮಾರ್ಕ್ಸ್ ಬಹುವಚನ, ನನ್ನವು, ‘ಮೈನ್ ಆರ್’. ಏಳು ಸರಿ, ನಿನ್ನ ಸಹಾಯ ಮಾಡುವಿಕೆ. ಎಂಟರಲ್ಲಿ ‘ವಾಶ್ಡ್ ಹಿಸ್ ಹ್ಯಾಂಡ್ಸ್’. ಡಾಕ್ಟರು ಕೈ ತೊಳೆದುಕೊಂಡರು. ಆ ‘ಕೊಂಡರು’ ನಿಮ್ಮ ಕಣ್ಣು ತಪ್ಪಿಸಿದ್ದರೆ, ಮೂರನೇ ಕಾಲಮ್ಮಿನ ಮೊದಲ ಸಾಲಿನಲ್ಲಿ ಅದನ್ನೇ ಬರೆಯಿರಿ.